ರಾಜಾ ರವಿವರ್ಮ

ರಾಜಾ ರವಿವರ್ಮ (29 ಏಪ್ರಿಲ್ 1848 – 2 ಅಕ್ಟೋಬರ್ 1906) ಪಾಶ್ಚಾತ್ಯ ತೈಲವರ್ಣ ಪದ್ಧತಿಯಲ್ಲಿ ಭಾರತೀಯ ವಸ್ತುಗಳನ್ನು ಚಿತ್ರಿಸಿದ ಪ್ರಸಿದ್ಧ ಕಲಾವಿದರು. ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ ಜನಿಸಿದರು. ಸೋದರಮಾವ ರಾಜರಾಜವರ್ಮರೇ ಮೊದಲ ಗುರು. ತೈಲವರ್ಣದ ಮರ್ಮವನ್ನು ಆಸ್ಥಾನಕ್ಕೆ ಬಂದಿದ್ದ ಥಿಯೋಡರ್ ಜೆನ್ಸನ್ ಚಿತ್ರಿಸುವುದನ್ನು ನೋಡಿ, ಬಹುಮಟ್ಟಿಗೆ ಸ್ವಂತ ಪ್ರಯೋಗದಿಂದಲೇ ಅರಿತರು. 1873ರ ವಿಯೆನ್ನಾ ಪ್ರದರ್ಶನದಲ್ಲಿ ಬಹುಮಾನ ಪಡೆದರು.

ಮೈಸೂರು ಅರಸರಿಗಾಗಿ 1889ರ ಸುಮಾರಿಗೆ ರಚಿಸಿದ, ಸಂಗೀತಗಾರ್ತಿಯರ ಸಮೂಹವನ್ನು ತೋರುವ ಚಿತ್ರ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿದೆ. ಬೇರೆಬೇರೆ ಪ್ರಾಂತ, ಮತಗಳ ಉಡುಗೆ ತೊಟ್ಟ ಹನ್ನೊಂದು ಸ್ತ್ರೀಯರು ಇದರಲ್ಲಿ ಒತ್ತೊತ್ತಾಗಿ ಸೇರಿದ್ದಾರೆ. ಇದನ್ನು ನಾಡಿನ ಏಕತೆಯ ಸಂಕೇತವೆಂದು ಅರ್ಥೈಸುವುದು ವಾಡಿಕೆ. ಮುಖಗಳನ್ನು ಗಮನಿಸಿದರೆ ಆ ಅರ್ಥ ಅಷ್ಟು ಸುಲಭವಾಗಿ ನಿಲ್ಲುವುದಿಲ್ಲ. ಗೋಷ್ಠಿಯ ಉಲ್ಲಾಸ ಅಲ್ಲಿ ಕಾಣದು. ಹೆಚ್ಚಿನವರ ನೋಟ ಪಕ್ಕದವಳನ್ನು ಸಂಧಿಸದೆ ಬೇರೆಲ್ಲೋ ನೆಟ್ಟಿದೆ. ವಾದ್ಯಗಳು ಒಂದೆಡೆ ಕೂಡಿದ್ದರೂ ಮನಸ್ಸುಗಳು ಕೂಡಿಲ್ಲವೆಂಬ ವಿಷಾದವೇ ಚಿತ್ರದ ಪ್ರಧಾನ ಭಾವ ಎನ್ನಬಹುದು. (ಅದೇ ಅರಮನೆಯಲ್ಲಿರುವ ದೀಪ ಹಿಡಿದ ಸ್ತ್ರೀಯ ಚಿತ್ರವೂ ರವಿವರ್ಮರದೆಂಬ ನಂಬಿಕೆ ತಪ್ಪು, ಅದು ಎಸ್. ಎಲ್. ಹಲ್ದಣಕರ್ ಅವರ ಇಪ್ಪತ್ತನೆಯ ಶತಮಾನದ ಕೃತಿ.)

1894ರಲ್ಲಿ ಮುಂಬಯಿಯಲ್ಲಿ ಶಿಲಾಮುದ್ರಣಾಲಯ ಸ್ಥಾಪಿಸಿದರು. ಅಲ್ಲಿ ಅಚ್ಚಾದ ಲಕ್ಷ್ಮೀ, ಸರಸ್ವತಿಯರ ಪಟಗಳು ಸಾಮಾನ್ಯರ ದೇವರ ಕೋಣೆಗಳನ್ನು ಸೇರಿದವು. ಆದರೆ ಸಾಲದ ಹೊರೆ ಹೆಚ್ಚಿ, ಕೆಲವೇ ವರ್ಷಗಳಲ್ಲಿ ಮುದ್ರಣಾಲಯವನ್ನು ಮಾರಬೇಕಾಯಿತು.

ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಒಪ್ಪಿಸಿದ ಪೌರಾಣಿಕ ಚಿತ್ರಗಳು ಅವರ ಕೊನೆಯ ದೊಡ್ಡ ಕಾರ್ಯ. ಬಹುಕಾಲ ಜೊತೆಯಲ್ಲಿ ಕುಂಚ ಹಿಡಿದಿದ್ದ ತಮ್ಮ ಸಿ. ರಾಜರಾಜವರ್ಮ 1905ರಲ್ಲಿ ತೀರಿಕೊಂಡರು. ಮರುವರ್ಷ ರವಿವರ್ಮರೂ ನಿಧನರಾದರು.