ಮೇಜಿನ ಮೇಲಿನ ಸೇಬು

ಚಿಕಲಠಾಣಾ ಎಂಐಡಿಸಿಯಲ್ಲಿ ಪಾಳಿ ಮುಗಿಸಿ ರೂಮಿಗೆ ಬಂದರೆ ಮೇಜಿನ ಮೇಲೆ ಜಾಲ್ನಾ ಮೂಸಂಬಿ ಕಾಯುತ್ತಿರುತ್ತದೆ. ಮೊದಲೆಲ್ಲ ಮೊಬೈಲ್ ನೋಡುತ್ತಲೇ ಸುಲಿದು ತಿನ್ನುತ್ತಿದ್ದೆ. ಈಗ ಒಂದು ಕ್ಷಣ ಹಣ್ಣನ್ನೇ ನೋಡುತ್ತೇನೆ. ಅದನ್ನು ಕಲಿಸಿದ್ದು ಫ್ರಾನ್ಸಿನ ಚಿತ್ರಕಾರ ಪಾಲ್ ಸೆಜಾನ್.

ಸೆಜಾನ್ ಹುಟ್ಟಿದ್ದು 1839ರಲ್ಲಿ, ಎಕ್ಸ್ ಆನ್ ಪ್ರೊವಾನ್ಸ್ ಎಂಬ ಊರಿನಲ್ಲಿ. ಅಪ್ಪನದು ಬ್ಯಾಂಕ್ ವ್ಯವಹಾರ; ಮಗ ವಕೀಲನಾಗಲಿ ಎಂಬ ಆಸೆ. ಆತ ಕಾನೂನು ಓದು ಬಿಟ್ಟು 1861ರಲ್ಲಿ ಪ್ಯಾರಿಸ್ ಸೇರಿದ. ಅಪ್ಪ ಕಳಿಸುವ ಹಣದಲ್ಲೇ ಬದುಕು. ಅಲ್ಲಿನ ದೊಡ್ಡ ಕಲಾಪ್ರದರ್ಶನ ವರ್ಷಗಟ್ಟಲೆ ಅವನನ್ನು ತಿರಸ್ಕರಿಸಿತು. 1874ರಲ್ಲಿ ಗೆಳೆಯರೊಂದಿಗೆ ಚಿತ್ರ ತೂಗುಹಾಕಿದರೆ ಜನ ನಕ್ಕರು.

ಮುಂದೆ ಹೆಚ್ಚು ಕಾಲ ಊರಲ್ಲೇ ಉಳಿದ. ಸೇಬು, ಕಿತ್ತಳೆ, ಮುದುಡಿದ ಬಟ್ಟೆ, ಒಂದು ಹೂಜಿ ಅವನಿಗೆ ಸಾಕಿತ್ತು. ಎಷ್ಟು ನಿಧಾನವೆಂದರೆ, ಚಿತ್ರ ಮುಗಿಯುವ ಮೊದಲೇ ಹಣ್ಣು ಕೊಳೆಯುತ್ತಿತ್ತು. ಕೆಂಪಿನ ಪಕ್ಕ ಹಳದಿ, ಹಸಿರು ಇಟ್ಟೇ ಸೇಬಿಗೆ ದುಂಡು, ತೂಕ ತಂದ. ಮೇಜು ಓರೆಯಾಗಿ ಕಂಡರೂ ಹಣ್ಣು ಉರುಳುವುದಿಲ್ಲ.

ಅವನೊಬ್ಬನದೇ ಚಿತ್ರಗಳ ಮೊದಲ ಪ್ರದರ್ಶನ ನಡೆದದ್ದು 1895ರಲ್ಲಿ, 56ನೇ ವಯಸ್ಸಿಗೆ. 1906ರ ಅಕ್ಟೋಬರಿನಲ್ಲಿ ಬಯಲಲ್ಲಿ ಚಿತ್ರ ಬಿಡಿಸುತ್ತಿದ್ದಾಗ ಮಳೆಗೆ ಸಿಕ್ಕಿ, ಕೆಲವೇ ದಿನಗಳಲ್ಲಿ ತೀರಿಕೊಂಡ. ಆಮೇಲೆ ಪಿಕಾಸೊ, ಮತೀಸ್‌ರಂಥವರು ಅವನ ದಾರಿಯಿಂದಲೇ ಹೊರಟರು.

ಊರಿಂದ ಅಪ್ಪ ಫೋನ್ ಮಾಡಿ, ಪ್ರಮೋಷನ್ ಆಯಿತೇ ಎಂದು ಕೇಳುತ್ತಾರೆ. ಇನ್ನೂ ಇಲ್ಲ ಎಂದು ಹೇಳುತ್ತಾ ಮೂಸಂಬಿಯತ್ತ ನೋಡುತ್ತೇನೆ. ಮೊದಲಿನಷ್ಟು ಕಷ್ಟವಾಗುವುದಿಲ್ಲ.