ವಿನ್ಸ್ಲೋ ಹೋಮರ್ ಮತ್ತು ನಮ್ಮ ಚಿತ್ರಕಲಾ ತರಗತಿ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಒಬ್ಬ ಹಿರಿಯರ ಜೀವನ ಕುರಿತು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ನಮ್ಮ ನಾಡಿನ ಮಹನೀಯರ ಬಗ್ಗೆ ಬರೆಯಲು ನನಗಿಂತ ಬಲ್ಲವರಿದ್ದಾರೆ. ನಾನು ಚಿತ್ರಕಲಾ ಶಿಕ್ಷಕ. ನನ್ನ ಪಾಠದ ರೀತಿಯನ್ನೇ ಬದಲಿಸಿದ ಒಬ್ಬ ಅಮೆರಿಕನ್ ಚಿತ್ರಕಾರನ ಬಗ್ಗೆ ಬರೆಯುತ್ತೇನೆ. ಆತನ ಹೆಸರು ವಿನ್ಸ್ಲೋ ಹೋಮರ್. ಆತ ಮಹಾಕೂಟವನ್ನು ಕಂಡವನಲ್ಲ. ಆದರೂ ನಮ್ಮ ಶಾಲೆಯ ಮಕ್ಕಳಿಗೆ ಆತ ಪರಿಚಿತ.

ಆತ ಇಲ್ಲಿಗೆ ಬಂದದ್ದು ಹೇಗೆಂದು ಮೊದಲು ಹೇಳಬೇಕು. ನಮ್ಮ ಮಹಾಕೂಟದ ಚಾಲುಕ್ಯ ಮಂಗಲೇಶನ ಶಾಸನಸ್ತಂಭ ಈಗ ವಿಜಯಪುರದ ಗೋಳಗುಮ್ಮಟದ ಮ್ಯೂಸಿಯಂನಲ್ಲಿದೆ. ನಮ್ಮೂರಿನ ಕಲ್ಲನ್ನೇ ನೋಡಬೇಕಾದರೂ ನಾವು ಬಸ್ ಹತ್ತಬೇಕು. ಆದರೆ ಇಂದು ಕೆಲವು ದೊಡ್ಡ ಮ್ಯೂಸಿಯಂಗಳು ತಾವೇ ಶಾಲೆಯ ಬಾಗಿಲಿಗೆ ಬರುತ್ತಿವೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಲ್ಲಿ 3 ಲಕ್ಷ 75 ಸಾವಿರ ಚಿತ್ರಗಳನ್ನು ಯಾರು ಬೇಕಾದರೂ ಉಚಿತವಾಗಿ ಬಳಸಲು ಬಿಟ್ಟುಕೊಟ್ಟಿತು. ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯೂ ಹಾಗೆಯೇ ಚಿತ್ರಗಳನ್ನೂ ಶಿಕ್ಷಕರಿಗೆ ಬೇಕಾದ ಪಾಠಸಾಮಗ್ರಿಯನ್ನೂ ಒದಗಿಸುತ್ತದೆ. ಒಂದು ಬೇಸಿಗೆ ರಜೆಯಲ್ಲಿ ಅವುಗಳನ್ನು ಹುಡುಕುತ್ತಿದ್ದಾಗ ನನಗೆ ಹೋಮರ್ ಸಿಕ್ಕ.

ಹೋಮರ್ ಹುಟ್ಟಿದ್ದು 1836ರ ಫೆಬ್ರವರಿ 24ರಂದು, ಬಾಸ್ಟನ್ ನಗರದಲ್ಲಿ. ಮೂವರು ಗಂಡುಮಕ್ಕಳಲ್ಲಿ ನಡುವಿನವನು. ತಂದೆ ವ್ಯಾಪಾರಿ. ಚಿನ್ನದ ಆಸೆಗೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬರಿಗೈಯಲ್ಲಿ ಮರಳಿದವರು. ತಾಯಿ ಹೆನ್ರಿಯೆಟಾ ಜಲವರ್ಣದಲ್ಲಿ ಹೂವುಗಳನ್ನು ಚೆನ್ನಾಗಿ ಬರೆಯುತ್ತಿದ್ದರು. ಮಗನಿಗೆ ಅವರೇ ಮೊದಲ ಗುರು. ಹತ್ತೊಂಬತ್ತನೆಯ ವಯಸ್ಸಿಗೆ ಆತ ಬಾಸ್ಟನ್ನಿನ ಒಂದು ಕಲ್ಲಚ್ಚಿನ ಮುದ್ರಣಾಲಯದಲ್ಲಿ ಕೆಲಸ ಕಲಿಯಲು ಸೇರಿದ. ಹಾಡಿನ ಪುಸ್ತಕಗಳ ಹೊದಿಕೆಗೆ ಚಿತ್ರ ಬರೆಯುವುದು, ಬೇರೆಯವರ ಚಿತ್ರ ನಕಲು ಮಾಡುವುದು ಅಲ್ಲಿನ ದುಡಿಮೆ. ಅದು ಅವನಿಗೆ ಜೀತದಂತೆ ಕಂಡಿತು. ಇಪ್ಪತ್ತೊಂದು ತುಂಬಿದಾಗ ಅಲ್ಲಿಂದ ಹೊರಬಂದ. ಇನ್ನು ಯಾವ ಒಡೆಯನ ಕೈಕೆಳಗೂ ದುಡಿಯಲಿಲ್ಲ.

ಮುಂದೆ ನ್ಯೂಯಾರ್ಕಿಗೆ ಹೋಗಿ 'ಹಾರ್ಪರ್ಸ್ ವೀಕ್ಲಿ' ಎಂಬ ವಾರಪತ್ರಿಕೆಗೆ ಚಿತ್ರ ಬರೆದ. ಪತ್ರಿಕೆಯಲ್ಲಿ ಫೋಟೋ ಅಚ್ಚಾಗದ ಕಾಲವದು. ಕಲಾವಿದರ ಚಿತ್ರವನ್ನು ಮರದ ಅಚ್ಚಿನಲ್ಲಿ ಕೆತ್ತಿ ಮುದ್ರಿಸುತ್ತಿದ್ದರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾದಾಗ ಪತ್ರಿಕೆ ಅವನನ್ನು ರಣರಂಗಕ್ಕೆ ಕಳಿಸಿತು. ಆತ ಕಾದಾಟಕ್ಕಿಂತ ಹೆಚ್ಚಾಗಿ ಶಿಬಿರದಲ್ಲಿ ಮನೆಯ ನೆನಪಿನಲ್ಲಿ ಕುಳಿತ ಸಿಪಾಯಿಗಳನ್ನು ನೋಡಿದ. ಯುದ್ಧ ಮುಗಿದ ಮೇಲೆ ಬರೆದ ಸೆರೆಯಾಳುಗಳ ತೈಲಚಿತ್ರ 1866ರಲ್ಲಿ ಅವನಿಗೆ ಹೆಸರು ತಂದಿತು.

ನಮ್ಮ ತರಗತಿಗೆ ಮೊದಲು ಬಂದದ್ದು 1872ರ 'ಸ್ನ್ಯಾಪ್ ದಿ ವಿಪ್' ಎಂಬ ಚಿತ್ರ. ಹಳ್ಳಿಯ ಕೆಂಪು ಶಾಲೆ, ಮುಂದೆ ಬಯಲು, ಬರಿಗಾಲಿನ ಹುಡುಗರು. ಕೈಕೈ ಹಿಡಿದು ಸಾಲಾಗಿ ಓಡುತ್ತಾರೆ. ಒಂದು ತುದಿಯವರು ಥಟ್ಟನೆ ಕಾಲೂರಿ ನಿಲ್ಲುತ್ತಾರೆ. ಆ ರಭಸಕ್ಕೆ ಇನ್ನೊಂದು ತುದಿಯವರು ಚಾವಟಿಯ ಕೊನೆಯಂತೆ ಬೀಸಿ ಉರುಳುತ್ತಾರೆ. ಹೋಮರ್ ಇದನ್ನು ಎರಡು ಸಲ ಬರೆದಿದ್ದಾನೆ. ಮೆಟ್ರೊಪಾಲಿಟನ್‌ನಲ್ಲಿರುವುದು 12 ಅಂಗುಲ ಎತ್ತರ, 20 ಅಂಗುಲ ಅಗಲ. ಅದೇ ಅಳತೆಯಲ್ಲಿ ಬಾದಾಮಿಯಲ್ಲಿ ಮುದ್ರಿಸಿ ತಂದು ಗೋಡೆಗೆ ಅಂಟಿಸಿದೆ.

ಅಲ್ಲಿಯವರೆಗೆ ನನ್ನ ಪಾಠ ಹೇಗಿತ್ತೆಂದು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಎರಡು ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು, ಒಂದು ತೆಂಗಿನಮರ. ನಾನು ಹಲಗೆಯ ಮೇಲೆ ಬರೆಯುತ್ತಿದ್ದೆ, ಮಕ್ಕಳು ನಕಲು ಮಾಡುತ್ತಿದ್ದರು. ಹೋಮರ್ ಯಾವ ದುಡಿಮೆಯಿಂದ ಓಡಿಬಂದನೋ ಅದನ್ನೇ ನಾನು ಮಕ್ಕಳಿಗೆ ಹಚ್ಚಿದ್ದೆ. ಅಂದು ಮಾತ್ರ ಮ್ಯೂಸಿಯಂನವರು ಹೇಳಿಕೊಡುವಂತೆ ಮಾಡಿದೆ. ಐದು ನಿಮಿಷ ಸುಮ್ಮನೆ ನೋಡಲು ಬಿಟ್ಟೆ. ಆಮೇಲೆ ಏನು ಕಾಣುತ್ತದೆ, ಹಾಗೆನ್ನಲು ಚಿತ್ರದಲ್ಲಿ ಏನಿದೆ ಎಂದು ಎರಡೇ ಪ್ರಶ್ನೆ ಕೇಳಿದೆ.

ಮಕ್ಕಳು ಬರಿಗಾಲು ಗುರುತಿಸಿದರು, ನೆರಳು ನೋಡಿ ಹೊತ್ತು ಎಷ್ಟೆಂದು ವಾದ ಮಾಡಿದರು. ಕೊನೆಗೆ ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದುನಿಂತ. ಬಿದ್ದವರ ತಪ್ಪೇನೂ ಇಲ್ಲ, ಅವರು ಸಾಲಿನ ಕೊನೆಗಿದ್ದರು ಅಷ್ಟೇ, ನಿಂತವರಿಗೆ ಬಿದ್ದವರು ಕಾಣುವುದೂ ಇಲ್ಲ ಎಂದ. ವರ್ಷವಿಡೀ ಬಾಯಿಬಿಡದಿದ್ದ ಹುಡುಗ ಅವನು. ತರಗತಿ ಸುಮ್ಮನಾಯಿತು. ನಾನೂ ಸುಮ್ಮನಾದೆ.

ಹೋಮರನ ಮುಂದಿನ ಬದುಕನ್ನು ನೋಡಿದರೆ ಆತನ ಕಣ್ಣೂ ಆ ಹುಡುಗನ ಕಣ್ಣಿನಂತೆಯೇ ಇತ್ತೆನಿಸುತ್ತದೆ. ಗುಲಾಮಗಿರಿ ಹೋದ ಮೇಲೂ ನೆಮ್ಮದಿ ಕಾಣದ ಕಪ್ಪು ಹೆಂಗಸರು ತಮ್ಮ ಹಳೆಯ ಒಡತಿಯ ಎದುರು ತಲೆ ತಗ್ಗಿಸದೆ ನಿಂತದ್ದನ್ನು 1876ರಲ್ಲಿ ಬರೆದ. ಮರುವರ್ಷ 'ಬ್ಲ್ಯಾಕ್‌ಬೋರ್ಡ್' ಎಂಬ ಜಲವರ್ಣ ಬರೆದ. ಅದರಲ್ಲಿ ಒಬ್ಬ ಶಿಕ್ಷಕಿ ಕಪ್ಪುಹಲಗೆಯ ಮುಂದೆ ನಿಂತಿದ್ದಾಳೆ. ಹಲಗೆಯ ಮೇಲಿರುವುದು ಲೆಕ್ಕವಲ್ಲ, ಚಿತ್ರಕಲೆಯ ಮೊದಲ ಪಾಠದ ಆಕಾರಗಳು. 1870ರಲ್ಲೇ ಮ್ಯಾಸಚೂಸೆಟ್ಸ್ ರಾಜ್ಯ ಸರ್ಕಾರಿ ಶಾಲೆಗಳಲ್ಲಿ ಚಿತ್ರಕಲೆಯನ್ನು ಕಡ್ಡಾಯ ಮಾಡಿತ್ತು. ಹೋಮರ್ ತನ್ನ ಸಹಿಯನ್ನು ಆ ಹಲಗೆಯ ಮೂಲೆಯಲ್ಲೇ ಸೀಮೆಸುಣ್ಣದಲ್ಲಿ ಗೀಚಿದಂತೆ ಹಾಕಿದ್ದಾನೆ. ಚಿತ್ರಕಲೆಯ ಪಿರಿಯಡ್ ಎಂದರೆ ಬೇರೆ ವಿಷಯಕ್ಕೆ ಬಿಟ್ಟುಕೊಡುವ ಪಿರಿಯಡ್ ಎಂದು ಕೇಳಿ ಕೇಳಿ ಸಾಕಾಗಿದ್ದ ನನಗೆ ಆ ಸಹಿ ದೊಡ್ಡ ಧೈರ್ಯ ಕೊಟ್ಟಿತು.

1881ರಲ್ಲಿ ಆತ ಇಂಗ್ಲೆಂಡಿನ ಕಲರ್‌ಕೋಟ್ಸ್ ಎಂಬ ಮೀನುಗಾರರ ಹಳ್ಳಿಗೆ ಹೋಗಿ ಮರುವರ್ಷದವರೆಗೂ ಅಲ್ಲಿದ್ದ. ಬಲೆ ಹೊಲಿಯುವ, ಬುಟ್ಟಿ ಹೊರುವ, ಕಡಲಿಗೆ ಹೋದವರಿಗಾಗಿ ಕಾಯುವ ಹೆಂಗಸರನ್ನು ಬರೆದ. ಮರಳಿದ ಮೇಲೆ ಮೇನ್ ರಾಜ್ಯದ ಪ್ರೌಟ್ಸ್ ನೆಕ್ ಎಂಬ ಬಂಡೆಗಲ್ಲಿನ ಕಡಲತೀರದಲ್ಲಿ ನೆಲೆಸಿದ. ಮದುವೆಯಾಗಲಿಲ್ಲ. ಅಲೆ, ಗಾಳಿ, ಬಂಡೆಗಳನ್ನು ದಿನವೂ ನೋಡುವುದೇ ಬದುಕಾಯಿತು. 1899ರ 'ಗಲ್ಫ್ ಸ್ಟ್ರೀಮ್' ಚಿತ್ರದಲ್ಲಿ ಕೂವೆ ಮುರಿದ ದೋಣಿಯಲ್ಲಿ ಒಬ್ಬ ಕಪ್ಪು ನಾವಿಕ ಒಂಟಿಯಾಗಿದ್ದಾನೆ. ಸುತ್ತಲೂ ಶಾರ್ಕ್ ಮೀನುಗಳು. ದೂರದಲ್ಲಿ ಒಂದು ಹಡಗು ಇದೆ, ಅದಕ್ಕೆ ಈತ ಕಂಡನೋ ಇಲ್ಲವೋ ತಿಳಿಯದು. ಅವನ ಗತಿ ಏನಾಯಿತೆಂದು ಜನ ಕೇಳಿದಾಗ ಹೋಮರ್ ಸಿಡುಕಿದನಂತೆ. 1910ರ ಸೆಪ್ಟೆಂಬರ್ 29ರಂದು ಪ್ರೌಟ್ಸ್ ನೆಕ್‌ನ ತನ್ನ ಚಿತ್ರಶಾಲೆಯಲ್ಲೇ ತೀರಿಕೊಂಡ. ಆಗ ಆತನಿಗೆ 74 ವರ್ಷ.

ಆ ಪಾಠದ ನಂತರ ನಾನು ಮಕ್ಕಳನ್ನು ಮಹಾಕೂಟದ ಗುಡಿಗಳಿಗೇ ಕರೆದೊಯ್ಯತೊಡಗಿದೆ. ಪುಷ್ಕರಣಿಯ ಮೆಟ್ಟಿಲ ಮೇಲೆ ಕೂರಿಸಿ, ನೀರಿನ ನಡುವಿನ ಮಂಟಪವನ್ನೂ ಗೋಡೆಯ ಗೂಡಿನ ಅರ್ಧನಾರೀಶ್ವರನನ್ನೂ ತೋರಿಸಿ ಅದೇ ಎರಡು ಪ್ರಶ್ನೆ ಕೇಳುತ್ತೇನೆ. ದಿನವೂ ಕೈಮುಗಿದು ಹೋಗುವ ಮಕ್ಕಳು ಅರ್ಧನಾರೀಶ್ವರನ ಎರಡು ಕಿವಿಯ ಓಲೆಗಳು ಒಂದೇ ತರಹ ಇವೆಯೇ ಎಂದು ಹತ್ತಿರ ಹೋಗಿ ನೋಡುತ್ತಾರೆ. ಆಮೇಲೆ ಬರೆಯುತ್ತಾರೆ. ತೆಂಗಿನಮರದ ನಕಲು ನಿಂತಿದೆ.

ಹಿಂದಿನ ಬೆಂಚಿನ ಆ ಹುಡುಗ ದೀಪಾವಳಿಯ ನಂತರ ಶಾಲೆಗೆ ಬರಲಿಲ್ಲ. ತಂದೆತಾಯಿಯ ಜೊತೆ ಕಟ್ಟಡದ ಕೆಲಸಕ್ಕೆ ಗೋವೆಗೆ ಹೋದನೆಂದು ತಿಂಗಳ ಮೇಲೆ ತಿಳಿಯಿತು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರು ಗುರುತು ಹಾಕುತ್ತ ಹೋದವನು ನಾನೇ. ನಾವು ಕಾಲೂರಿ ನಿಂತಿದ್ದೆವು, ಅವನು ಕೈತಪ್ಪಿದ. ಈಗ ಮೂರು ದಿನ ಯಾವ ಮಗು ಬರದಿದ್ದರೂ ಅದರ ಮನೆಗೆ ಹೋಗುತ್ತೇನೆ. ಕೆಲವರು ಮರಳಿ ಬಂದಿದ್ದಾರೆ. ಅವನು ಬಂದಿಲ್ಲ.

ಐವತ್ತು ವರ್ಷಗಳಲ್ಲಿ ನಮ್ಮ ಶಾಲೆಯಿಂದ ಗೆದ್ದು ಹೋದವರ ಹೆಸರುಗಳು ಈ ಸಂಚಿಕೆಯಲ್ಲಿವೆ. ಅವರಿಗೆಲ್ಲ ನನ್ನ ಅಭಿನಂದನೆಗಳು. ನಡುವೆ ಕೈತಪ್ಪಿದವರನ್ನೂ ಈ ಹಬ್ಬದ ದಿನ ನೆನೆಯೋಣ. ಪ್ರೀತಿಯ ವಿದ್ಯಾರ್ಥಿಗಳೇ, ಸಾಲಿನಲ್ಲಿ ಓಡುವಾಗ ಪಕ್ಕದವರ ಕೈಯನ್ನು ಬಿಗಿಯಾಗಿ ಹಿಡಿಯಿರಿ. ನಿಲ್ಲುವ ಮೊದಲು ಒಮ್ಮೆ ಹಿಂದಕ್ಕೆ ತಿರುಗಿ ನೋಡಿರಿ.