ವಿಲಾಯಿತಿಯಲ್ಲಿ ವಿದ್ಯಾರ್ಥಿ ಗಾಂಧಿ

ಬೆಂಗಳೂರೆಂಬ ಹೆಸರನ್ನು ಸುಮಾರು ಕ್ರಿ. ಶ. 890ರ ಶಿಲಾಶಾಸನದಲ್ಲಿ ಉಳಿಸಿಕೊಂಡು ಬಂದಿರುವ ಬೇಗೂರಿನಿಂದಲೂ ಈಗ ತರುಣ ತರುಣಿಯರು ವ್ಯಾಸಂಗಾರ್ಥವಾಗಿ ಪರದೇಶಗಳಿಗೆ ಹೊರಡುತ್ತಿದ್ದಾರೆ. ಪಾಠದ ಚಿಂತೆಗಿಂತ ಉಡುಪಿನ, ಉಚ್ಚಾರದ, ಅಲ್ಲಿಯವರೊಡನೆ ಬೆರೆಯುವ ಚಿಂತೆಯೇ ಇವರಲ್ಲಿ ಅನೇಕರನ್ನು ಹೆಚ್ಚಾಗಿ ಬಾಧಿಸುವುದು. ಇದೇ ಚಿಂತೆಯು ಮಹಾತ್ಮ ಗಾಂಧಿಯವರನ್ನೂ ಒಮ್ಮೆ ಕಾಡಿತ್ತೆಂಬುದನ್ನು ವಾಚಕರಿಗೆ ನೆನಪು ಮಾಡಿಕೊಡಲು ಬಯಸುವೆವು. 1927ರಲ್ಲಿ ನಂದಿಬೆಟ್ಟದಲ್ಲಿಯೂ ಬೆಂಗಳೂರಿನ ಕುಮಾರ ಪಾರ್ಕಿನಲ್ಲಿಯೂ ವಿಶ್ರಮಿಸಿದಾಗ ನಮ್ಮ ಜನರು ಕಂಡದ್ದು ತುಂಡುಪಂಚೆಯ ಗಾಂಧಿಯವರನ್ನು. ಅದಕ್ಕೆ ಬಹು ಹಿಂದೆ ರೇಷ್ಮೆಟೋಪಿಯ ಗಾಂಧಿಯೊಬ್ಬರಿದ್ದರು.

1888ನೆಯ ಸೆಪ್ಟೆಂಬರ್ 4ರಂದು ಮುಂಬಯಿಯಲ್ಲಿ ಹಡಗು ಹತ್ತಿದಾಗ ಅವರಿಗೆ 19 ವರ್ಷ ತುಂಬಿರಲಿಲ್ಲ. ಸಮುದ್ರಯಾನಕ್ಕೆ ಹೊರಟುದಕ್ಕಾಗಿ ಜಾತಿಯವರು ಬಹಿಷ್ಕಾರ ಹಾಕಿದ್ದರು. ಮದ್ಯ, ಮಾಂಸ, ಪರಸ್ತ್ರೀಯರಿಂದ ದೂರವಿರುವೆನೆಂದು ತಾಯಿಗೆ ವಚನ ಕೊಟ್ಟಿದ್ದರು. ಹಡಗಿನಿಂದ ಇಳಿದಾಗ ಬಿಳಿಯ ಫ್ಲಾನೆಲ್ ಉಡುಪಿನವರು ತಾವೊಬ್ಬರೇ ಎಂಬುದನ್ನು ಕಂಡು ನಾಚಿದರು.

ಒಂದು ದಿನ ಸ್ನೇಹಿತನೊಬ್ಬನೊಡನೆ ದೊಡ್ಡ ಭೋಜನಶಾಲೆಗೆ ಹೋಗಿದ್ದಾಗ, ಸಾರಿನಲ್ಲಿ ಮಾಂಸವಿದೆಯೇ ಎಂದು ಬಡಿಸುವವನನ್ನು ಕೇಳಲೆಳಸಿದರು. ಸ್ನೇಹಿತನು ಕೋಪಗೊಂಡು ಹೊರಗೆ ಕಳುಹಿಸಿದನು. ಸಮೀಪದ ಶಾಕಾಹಾರದ ಹೋಟೆಲು ಮುಚ್ಚಿದ್ದಿತು. ಆ ರಾತ್ರಿ ಉಪವಾಸವೇ ಆಯಿತು. ಊಟದಲ್ಲಿ ಬೇರೆಯಾದವನು ಮಿಕ್ಕೆಲ್ಲದರಲ್ಲಿ ಅವರಂತಾದರೆ ಕೊರತೆ ತುಂಬೀತೆಂದು ಬಗೆದು ಅವರು ಸಭ್ಯಗೃಹಸ್ಥನ ವೇಷಕ್ಕೆ ತೊಡಗಿದರು. 19 ಷಿಲ್ಲಿಂಗಿನ ಟೋಪಿ ಬಂದಿತು. ಬಾಂಡ್ ಬೀದಿಯಲ್ಲಿ 10 ಪೌಂಡಿಗೆ ಸಂಜೆಯ ಉಡುಪು ಸಿದ್ಧವಾಯಿತು. ಅಣ್ಣನಿಂದ ಗಡಿಯಾರದ ಚಿನ್ನದ ಸರಪಣಿ ಬಂದಿತು. ಟೈ ಕಟ್ಟಲು, ಬೈತಲೆ ತಿದ್ದಲು ಕನ್ನಡಿಯ ಮುಂದೆ ದಿನವೂ 10 ನಿಮಿಷ ಕಳೆಯುತ್ತಿತ್ತು. ನೃತ್ಯಕ್ಕೆ 3 ಪೌಂಡು ತೆತ್ತರು, ತಾಳ ಹಿಡಿಯಲಿಲ್ಲ. ಪಿಟೀಲಿಗೆ 3 ಪೌಂಡು, ಭಾಷಣಕಲೆಗೆ ಒಂದು ಗಿನಿ ಹೋಯಿತು.

ಈ ಮೋಹವು ಸುಮಾರು 3 ತಿಂಗಳು ನಡೆಯಿತು. ತಾವು ಜೀವಮಾನವೆಲ್ಲ ಅಲ್ಲಿರಲು ಬಂದವರಲ್ಲ, ಓದಲು ಬಂದವರು ಎಂಬ ವಿವೇಕವು ಆಮೇಲೆ ಹುಟ್ಟಿತು. ಪಾಠಗಳನ್ನು ಬಿಟ್ಟರು, ಪಿಟೀಲನ್ನು ಮಾರಿಸಲು ಏರ್ಪಡಿಸಿದರು. ಉಡುಪಿನ ಅಚ್ಚುಕಟ್ಟು ಮಾತ್ರ ಇನ್ನೂ ಅನೇಕ ವರ್ಷಗಳು ಉಳಿಯಿತು. ಕಾಸುಕಾಸಿಗೂ ಲೆಕ್ಕವಿಟ್ಟು, ಬರಬರುತ್ತ ಒಂದೇ ಕೊಠಡಿಗೆ ಇಳಿದು, ಬೆಳಗಿನ ಗಂಜಿಯನ್ನು ತಾವೇ ಕಾಯಿಸಿಕೊಂಡು, ದಿನಕ್ಕೆ 8-10 ಮೈಲಿ ನಡೆದರು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಟೋಪಿಯಾಗಲಿ ಪಿಟೀಲಾಗಲಿ ಅವರಿಗೆ ಸ್ನೇಹಿತರನ್ನು ತಂದುಕೊಡಲಿಲ್ಲ. ಯಾವ ಊಟದ ನಿಯಮವನ್ನು ಮರೆಸಲು ಅಷ್ಟು ಖರ್ಚು ಮಾಡಿದರೋ ಅದೇ ಅವರನ್ನು ಲಂಡನ್ನಿನ ಶಾಕಾಹಾರಿಗಳ ಸಂಘಕ್ಕೆ ಕರೆದೊಯ್ದಿತು. ಬಾಯಿ ತೆರೆಯಲು ನಾಚುತ್ತಿದ್ದ ಈ ಹುಡುಗನನ್ನು ಅಲ್ಲಿಯ ಆಂಗ್ಲರು ತಮ್ಮ ಕಾರ್ಯನಿರ್ವಾಹಕ ಸಮಿತಿಗೆ ಸೇರಿಸಿಕೊಂಡರು. 1891ನೆಯ ಜೂನ್ 10ರಂದು ಬ್ಯಾರಿಸ್ಟರಾಗಿ, 12ರಂದು ಸ್ವದೇಶಕ್ಕೆ ಹೊರಟರು. 1931ರಲ್ಲಿ ಅದೇ ಲಂಡನ್ನಿನ ಅರಮನೆಗೆ ಚಕ್ರವರ್ತಿಯ ಆಹ್ವಾನದ ಮೇಲೆ ಹೋದಾಗ ಅವರ ಮೈಮೇಲೆ ಇದ್ದುದು ತುಂಡುಪಂಚೆ ಮತ್ತು ಶಾಲು.

ಎಲ್ಲರೂ ತುಂಡುಪಂಚೆ ಉಡಬೇಕೆಂದು ನಾವು ಹೇಳುವುದಿಲ್ಲ. ಚಳಿದೇಶದಲ್ಲಿ ಬೆಚ್ಚನೆಯ ಕೋಟು ಬೇಕು. ಅಲ್ಲಿಯ ಮರ್ಯಾದೆಯನ್ನು ಅರಿತು ನಡೆಯುವುದೂ ವಿಹಿತವೇ. ಆದರೆ ಸಾಲ ಮಾಡಿ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು, ಪೆಟ್ಟಿಗೆ ತುಂಬುವ ಮೊದಲು ಅವರನ್ನು ಹತ್ತಿರ ಕೂರಿಸಿಕೊಂಡು ಗಾಂಧಿಯವರ ಆ 3 ತಿಂಗಳ ಲೆಕ್ಕವನ್ನು ಓದಿ ಹೇಳಲಿ. ನಾಚಿಕೆಯು ಯಾರಿಗೂ ತಪ್ಪಿದ್ದಲ್ಲವೆಂಬ ಧೈರ್ಯವಾದರೂ ಅವರಿಗೆ ಉಂಟಾದೀತು.